ಪಂಕಜಾಗೆ ಇನ್ನು ನಾಲ್ಕು ತಿಂಗಳು

“ಡಾಕ್ಟರ್ ಓದಿ ಇಲಿ ತೂಕ ಮಾಡ್ತಾಳಾ ನಿಮ್ಮ ಹುಡುಗಿ?” ಅಂತ ಕೆಂಗೇರಿ ಹುಡುಗನ ತಾಯಿ ಹೇಳಿಕಳಿಸಿದಾರೆ ಕಣೇ ಪಂಕಜಾ. ಲ್ಯಾಬು ಬಿಟ್ಟು ಮಾಘದಲ್ಲೇ ಮದುವೆ ಆಗಬೇಕಂತೆ. ತಪ್ಪು ನನ್ನದೇ, ಆಸ್ಪತ್ರೆ ಕೆಲಸ ಅಂದಿದ್ದೆ, ಇಲಿ ವಿಷಯ ಬಾಯಿಬಿಟ್ಟಿರಲಿಲ್ಲ.

ಲ್ಯಾಬಲ್ಲಿ ವರ್ಷ ತುಂಬದೆ ನೀನು ಆ ಸಂಶೋಧನೆ ಕೋರ್ಸಿಗೆ ಅರ್ಜಿ ಹಾಕೋ ಹಾಗಿಲ್ಲ, ಎಂಟು ತಿಂಗಳಾಗಿದೆ, ಇನ್ನು ನಾಲ್ಕು ತಿಂಗಳು ತಡೀರಿ ಅಂತ ಕೆಂಗೇರಿಗೇ ಹೋಗಿ ಹೇಳಿಬರ್ತೀನಿ. ಯಾರ್‍ಯಾರಿಗೆ ಅಂತ ಹೇಳಲಿ, ಸಾಕಾಗಿದೆ ನನಗೂ.

ಲ್ಯಾಬಿಂದ ಬಂದು ಈ ಚೀಟಿ ಓದಿದ ಮೇಲೆ ಹುಳಿ ಬಿಸಿ ಮಾಡ್ಕೋ. ಇಲಿ ಮುಟ್ಟಿದ ಕೈ ಅಂತ ಅಜ್ಜಿ ಗೊಣಗ್ತಾರೆ, ಸ್ನಾನ ಮಾಡೇ ಒಲೆ ಮುಟ್ಟು.

“ಅವರು ಒಪ್ಪದಿದ್ರೆ?” ಅಂದ್ರು ನಿಮ್ಮಪ್ಪ. “ಬೇರೆ ಕಡೆ ನೋಡಿದ್ರಾಯ್ತು” ಅಂದೆ. ಪೇಪರ್ ಮಡಿಚಿಟ್ಟರು. ಈಗ ಶರ್ಟು ಹಾಕ್ಕೊಂಡು, ನನ್ನ ಜೊತೆ ಹೊರಡೋಕೆ ಬಾಗಿಲಲ್ಲಿ ನಿಂತಿದಾರೆ.