ಇಪ್ಪತ್ತೊಂಬತ್ತನೆಯ ಸೋಲು

ಮಂಗಳವಾರ, ಹದಿನಾಲ್ಕನೇ ತಾರೀಖು

ಇವಳೇ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಹೀಗೇ ಕರೆದವನಿಗೆ ಈಗ ಕಾಗದದ ತಲೆಯಲ್ಲಿ ನಿನ್ನ ಹೆಸರು ಬರೆಯಹೋದರೆ ಯಾರೋ ಗುರುತಿಲ್ಲದವರಿಗೆ ಬರೆದಂತಾಗುತ್ತದೆ. ಸಿಟ್ಟು ಬಂದರೂ ಸರಿ, ಪೂರ್ತಿ ಓದು.

ನಾನು ಕ್ಷೇಮ. ಹೋದ ವಾರ ಮಗಳು ಹಾಸ್ಟೆಲಿನಿಂದ ಫೋನು ಮಾಡಿದಾಗ, "ಅಪ್ಪಾ, ನಿನ್ನ ಚೆಸ್ ಹೇಗೆ ನಡೀತಿದೆ ಅಂತ ಅಮ್ಮ ಕೇಳಿದ್ಲು" ಅಂದಳು. ನಾನು "ಪರವಾಗಿಲ್ಲ ಅನ್ನು" ಎಂದುಬಿಟ್ಟೆ. ನೀನು ಕೇಳಿದೆಯೋ, ಅವಳೇ ನಮ್ಮಿಬ್ಬರ ನಡುವೆ ಸೇತುವೆ ಕಟ್ಟಲು ಹೊರಟಳೋ, ಆ ಹುಡುಗಿಯನ್ನು ನಂಬುವಂತಿಲ್ಲ. ಯಾರು ಕೇಳಿದ್ದೇ ಆಗಲಿ, ಉತ್ತರ ಸುಳ್ಳು. ನೀನು ಹೋದ ಮೇಲೆ ನಾನು ಒಂದೇ ಒಂದು ಆಟ ಗೆದ್ದಿಲ್ಲ. ಇಪ್ಪತ್ತೊಂಬತ್ತು ಸೋಲು. ಬೀದಿ ನಾಯಿಗೂ ಅಷ್ಟು ಹೊತ್ತಿಗೆ ಎಲ್ಲೋ ಒಂದು ಕಡೆ ತುತ್ತು ಸಿಕ್ಕಿರುತ್ತದೆ.

ಮೊದಮೊದಲು ಕ್ಲಬ್ಬಿನ ಕುರ್ಚಿ ಸರಿಯಿಲ್ಲ ಅಂದೆ. ಮನೆಯಿಂದ ದಿಂಬು ಒಯ್ದೆ. ಆಮೇಲೆ ಟ್ಯೂಬ್‌ಲೈಟ್ ಮಿನುಗುತ್ತದೆ ಅಂದೆ. ಏಣಿ ಹತ್ತಿ ನಾನೇ ಬದಲಾಯಿಸಿದೆ. ಕೊನೆಗೆ ಹೊಸ ಕನ್ನಡಕ ಮಾಡಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ, ಸೂರು, ಗೋಡೆ ಎಲ್ಲವೂ ಡೊಂಕು ಅಂದೆ. ಹೊಸ ಕನ್ನಡಕದಲ್ಲಿ ನನ್ನ ತಪ್ಪುಗಳು ಇನ್ನೂ ಸ್ಪಷ್ಟವಾಗಿ ಕಂಡವು, ಅಷ್ಟೇ ಲಾಭ.

ಕ್ಲಬ್ಬಿನವರು ಮೊದಲು "ಆಗುತ್ತೆ ಬಿಡಿ, ಎಲ್ಲರಿಗೂ ಒಂದು ಕೆಟ್ಟ ಕಾಲ" ಅಂದರು. ಹತ್ತನೇ ಸೋಲಿನ ನಂತರ ತಮಾಷೆ ಶುರುವಾಯಿತು. ನಮ್ಮ ತಂಡದ ನಾಯಕ, ಬೇಕರಿಯವನು, ಎಲ್ಲರೆದುರು, "ಏನಪ್ಪಾ ಲಿಫ್ಟ್ ರಿಪೇರಿಯವನೇ, ನಿನ್ನ ಲಿಫ್ಟು ಕೆಳಗೇ ಹೋಗ್ತಿದೆಯಲ್ಲ, ಮೇಲಿನ ಬಟನ್ ಕೆಟ್ಟಿದೆಯಾ?" ಅಂದ. ನಾನೂ ನಕ್ಕೆ. ಇಪ್ಪತ್ತರ ಹೊತ್ತಿಗೆ ತಮಾಷೆಯೂ ನಿಂತಿತು. ಆಗಲೇ ನನಗೆ ಭಯವಾದದ್ದು. ನಾನು ಒಳಗೆ ಬಂದರೆ ಮಾತು ಬದಲಾಗುತ್ತಿತ್ತು, ಕಾಯಿಲೆಯವರ ಕೋಣೆಗೆ ಹೋದಾಗ ಆಗುವ ಹಾಗೆ.

ಇಪ್ಪತ್ತನಾಲ್ಕನೆಯ ಆಟ ಮೇಷ್ಟ್ರ ಜೊತೆ. ನಿನಗೆ ನೆನಪಿರಬಹುದು, ನಿವೃತ್ತ ಗಣಿತದ ಮೇಷ್ಟ್ರು, ಮೂಗಿನ ತುದಿಗೆ ಕನ್ನಡಕ. ಅವರು ಪೂರ್ತಿ ಗೆದ್ದಿದ್ದರು. ನನ್ನ ರಾಜನಿಗೆ ಹೋಗಲು ಮನೆಯೇ ಉಳಿದಿರಲಿಲ್ಲ. ಅವರು ಕೈ ಮುಂದೆ ಚಾಚಿ, ಮೆಲ್ಲಗೆ, "ಡ್ರಾ ಮಾಡ್ಕೊಳ್ಳೋಣವೇನಪ್ಪಾ, ನಂಗೂ ಸುಸ್ತಾಗಿದೆ" ಅಂದರು. ಅವರಿಗೆ ಸುಸ್ತಾಗಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. "ಬೇಡ ಮೇಷ್ಟ್ರೇ, ಆಡಿ" ಎಂದೆ. ಎರಡು ನಡೆಯಲ್ಲಿ ಮುಗಿಸಿದರು. ಮುಗಿಸುವಾಗ ನನ್ನ ಮುಖ ನೋಡಲಿಲ್ಲ.

ಅಲ್ಲಿಂದೀಚೆಗೆ ಆಸೆಯೇ ಬತ್ತಿಹೋಯಿತು. ಸೋಲು ಕಷ್ಟ ಅಂತ ತಿಳಿದಿದ್ದೆ. ಸೋತರೂ ಏನೂ ಅನ್ನಿಸದಿರುವುದು ಅದಕ್ಕಿಂತ ಕಷ್ಟ. ಊಟದ ಮೇಜಿನ ಮೇಲೆ ಬೋರ್ಡು ಹಾಗೇ ಬಿದ್ದಿದೆ, ನಾನು ಪಕ್ಕದ ಅಂಗೈಯಗಲ ಜಾಗದಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತೇನೆ. ಒಂದು ಕಾಲಾಳು ಉರುಳಿ ಮೇಜಿನ ಕೆಳಗೆ ಹೋಗಿ ತಿಂಗಳಾಯಿತು. ಕಣ್ಣಿಗೆ ಕಾಣುತ್ತದೆ, ಬಗ್ಗಲು ಮನಸ್ಸಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲಾದರೂ ಲಿಫ್ಟು ಸಿಕ್ಕಿಕೊಂಡು ಫೋನು ಬರಲಿ ಅಂತ ಕಾಯುತ್ತೇನೆ. ಒಂದು ಭಾನುವಾರ ಯಾವ ಫೋನೂ ಬರಲಿಲ್ಲ. ಬೇಕರಿಯವನಿಗೆ ಆಸ್ಪತ್ರೆಯ ಲಿಫ್ಟು ಕೆಟ್ಟಿದೆ ಎಂದು ಸುಳ್ಳು ಹೇಳಿ, ನಿಜವಾಗಿಯೂ ಆಸ್ಪತ್ರೆಗೇ ಹೋದೆ. ತಾರಸಿಯ ಮೋಟಾರು ಕೋಣೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಸಂಜೆಯವರೆಗೆ ಕೂತೆ. ತಂತಿಹಗ್ಗ ಮೇಲೆ ಕೆಳಗೆ ಓಡುತ್ತಿತ್ತು. ಯಾವ ಅಂತಸ್ತಿಗೆ ಯಾರು ಹೋಗುತ್ತಿದ್ದಾರೋ, ನನಗೆ ಬೇಕಿರಲಿಲ್ಲ. ಆವತ್ತು ನಮ್ಮ ತಂಡದಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಹೇಗೂ ನಾನು ಕೂತರೂ ಖಾಲಿಯೇ.

ಇಷ್ಟೆಲ್ಲ ಬರೆದೆ, ಬರೆಯಬೇಕಾದ್ದು ಬರೆಯಲಿಲ್ಲ.

ನೀನು ಹೋದ ಮೇಲೆ ಸೋಲು ಶುರುವಾಯಿತು ಎಂದೆನಲ್ಲ, ಅದು ತಪ್ಪು. ನೀನು ಮನೆಯಲ್ಲಿದ್ದಾಗಲೇ ಶುರುವಾಗಿತ್ತು. ನೀನು ಸಾಯಂಕಾಲ ಬಟ್ಟೆ ಮಡಚುತ್ತಾ, ಬೋರ್ಡಿನ ಕಡೆ ತಿರುಗಿಯೂ ನೋಡದೆ, "ಅಲ್ಲ ಕಣ್ರೀ, ಕುದುರೇನ ಅಲ್ಲಿಟ್ರೆ ಅವನ ಮಂತ್ರಿಗೆ ಉಸಿರು ಕಟ್ಟುತ್ತಲ್ವಾ?" ಅನ್ನುತ್ತಿದ್ದೆ. ನಾನು ಅರ್ಧ ಗಂಟೆ ತಲೆ ಕೆಡಿಸಿಕೊಂಡು ನೋಡಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ನಾನಿಟ್ಟ ಹೆಸರು 'ಸ್ವಲ್ಪ ಸಹಾಯ'. ಹೆಣ್ಣು ನೋಡಲು ಬಂದ ದಿನವೇ ನಿಮ್ಮಪ್ಪನ ಬೋರ್ಡಿನಲ್ಲಿ ನನ್ನನ್ನು ಎರಡು ಸಲ ಸೋಲಿಸಿದವಳು ನೀನು. ಈ ಊರಿನಲ್ಲಿ ಆ ವಿಷಯ ನಾನು ಯಾರಿಗೂ ಹೇಳಲಿಲ್ಲ. ಮಗಳು ಹುಟ್ಟಿದಾಗ, ಇಬ್ಬರೂ ಭಾನುವಾರ ಮನೆ ಬಿಟ್ಟರೆ ಹೇಗೆ, ಒಬ್ಬರು ಮನೆಯಲ್ಲಿರೋಣ ಅಂತ ನಾವು ತೀರ್ಮಾನಿಸಿದೆವು. ನಾವು ಅಲ್ಲ. ನಾನು.

ನಾನು ಗೆದ್ದ ಆ ಚೆಸ್ ಕಪ್ಪಿನ ಫೈನಲ್ ವಿಷಯ. ಹದಿನೇಳನೇ ನಡೆಯಲ್ಲಿ ಕುದುರೆಯನ್ನು ಸುಮ್ಮನೆ ಸಾಯಲು ಬಿಟ್ಟು ಗೆದ್ದದ್ದು. ಅದು ಹಿಂದಿನ ಸಂಜೆ, ನಾನು ಎದುರಾಳಿಯ ಹಳೆಯ ಆಟ ಜೋಡಿಸಿಕೊಂಡು ಕೂತಿದ್ದಾಗ, ನೀನು ಒಣಗಿದ ಟವೆಲ್ ಹಿಡಿದುಕೊಂಡು ಹೇಳಿದ ನಡೆ. ಪತ್ರಿಕೆಯವನು ಕೇಳಿದಾಗ, ಬೋರ್ಡಿನ ಮುಂದೆ ಕೂತಾಗ ಹೊಳೆಯಿತು ಅಂದೆ. ಸನ್ಮಾನದ ದಿನ ಅದೂ ಸಾಲದೆ, ಮೈಕು ಕೈಗೆ ಸಿಕ್ಕ ಹುಮ್ಮಸ್ಸಿನಲ್ಲಿ, "ನಮ್ಮ ಮನೆಯವಳಿಗೆ ಕುದುರೆ ಯಾವುದು ಒಂಟೆ ಯಾವುದು ಗೊತ್ತಿಲ್ಲ, ಆದ್ರೆ ಚಹಾ ಮಾತ್ರ ಸರಿಯಾದ ಹೊತ್ತಿಗೆ ತರ್ತಾಳೆ" ಅಂದೆ. ಜನ ನಕ್ಕರು. ಮೂರನೇ ಸಾಲಿನಲ್ಲಿ ನೀನೂ ನಕ್ಕೆ. ಮರುದಿನ ಒಂದು ನಡೆ ಕೇಳಿದರೆ, "ನಂಗೇನ್ರೀ ಗೊತ್ತು, ಕುದುರೆ ಯಾವುದು ಅಂತಾನೇ ಗೊತ್ತಿಲ್ವಲ್ಲ" ಅಂದೆ. ನಾನು ತಮಾಷೆ ಅಂದುಕೊಂಡೆ. ನಾಲ್ಕು ತಿಂಗಳು ನೀನು ಒಂದು ನಡೆಯೂ ಹೇಳಲಿಲ್ಲ, ನಾನು ಸೋಲುತ್ತಾ ತಮಾಷೆ ಅಂದುಕೊಂಡೇ ಇದ್ದೆ. ಮಗಳು ಹಾಸ್ಟೆಲಿಗೆ ಹೋದಳು, ನೀನು ನಿಮ್ಮಕ್ಕನ ಊರಿನ ಔಷಧಿ ಅಂಗಡಿಯ ಕೆಲಸಕ್ಕೆ ಹೋದೆ. ಕೇಳಿದವರಿಗೆಲ್ಲ ನಾನು 'ಕೆಲಸ ಸಿಕ್ತು, ಹೋದಳು' ಅಂದೆ.

ಮೊನ್ನೆ ಭಾನುವಾರ ಕೊನೆಯ ಪಂದ್ಯ. ಸೋತರೆ ನಮ್ಮ ತಂಡ ಕೆಳಗಿನ ದರ್ಜೆಗೆ. ಎಲ್ಲರ ಆಟ ಮುಗಿದು ಲೆಕ್ಕ ಸಮವಾಗಿ, ನನ್ನ ಬೋರ್ಡೊಂದೇ ಉಳಿದಿತ್ತು. ಎದುರಿಗೆ ಹಲ್ಲಿನ ಡಾಕ್ಟರು, ಮೂವತ್ತರ ಹೆಂಗಸು, ಬಹಳ ಶಾಂತ. ನೋಡುತ್ತಾ ನೋಡುತ್ತಾ ಬೋರ್ಡಿನ ಮೇಲೆ ಅದೇ ಫೈನಲ್ ಎದ್ದು ನಿಂತಿತು. ಅದೇ ಕುದುರೆ, ಅದೇ ಮನೆ. ಕೈ ತಾನಾಗಿ ಹೋಗಿ ಇಟ್ಟುಬಿಟ್ಟಿತು. ಹಿಂದಿನಿಂದ ಬೇಕರಿಯವನು ಉಸಿರೆಳೆದುಕೊಂಡದ್ದು ಕೇಳಿಸಿತು. ಡಾಕ್ಟರು ಕುದುರೆ ಹೊಡೆದರು. ಫೈನಲ್ ದಿನ ಎದುರಾಳಿ ಹೆದರಿ ಅದನ್ನು ಹೊಡೆದೇ ಇರಲಿಲ್ಲ. ಹೊಡೆದರೆ ಮುಂದೇನು ಅಂತ ನೀನು ಹೇಳಿದ್ದೆ, ಪೂರ್ತಿ ಬಿಡಿಸಿ ಹೇಳಿದ್ದೆ. ನಾನು ನಲವತ್ತು ನಿಮಿಷ ಕೂತೆ. ಟವೆಲ್ಲಿನ ನೀಲಿ ಅಂಚು ನೆನಪಾಯಿತು. ನೀನು ಅದನ್ನು ಎರಡು ಮಡಿಕೆ ಮಾಡಿ ಭುಜಕ್ಕೆ ಹಾಕಿಕೊಂಡದ್ದು ನೆನಪಾಯಿತು. ಮಾತು ಒಂದೂ ನೆನಪಾಗಲಿಲ್ಲ. ಆಗ ನಾನು ಕೇಳಿಸಿಕೊಂಡದ್ದು ನಡೆಯನ್ನು ಮಾತ್ರ, ನಿನ್ನನ್ನಲ್ಲ. ಸೋತೆ. ತಂಡ ಕೆಳಗಿಳಿಯಿತು. ಬೇಕರಿಯವನು ಕಾಯಿಗಳನ್ನು ಡಬ್ಬಿಗೆ ತುಂಬಿದ.

ಇಳಿಯುವಾಗ ಮೆಟ್ಟಿಲ ಮೇಲೆ ಡಾಕ್ಟರು ನನಗಾಗಿ ನಿಂತಿದ್ದರು. "ಸಾರ್, ಪತ್ರಿಕೇಲಿ ಬಂದ ನಿಮ್ಮ ಫೈನಲ್ ನೋಡೇ ನಾನು ಮತ್ತೆ ಚೆಸ್ ಶುರು ಮಾಡಿದ್ದು. ಬಾಯಿಪಾಠ ಮಾಡಿದ್ದೀನಿ. ಆ ಕುದುರೆ ನಡೆ ನಿಮಗೆ ಹೇಗೆ ಹೊಳೀತು?" ಅಂತ ಕೇಳಿದರು. ನಾನು ಹೇಳಿದೆ: "ಅದು ನಂಗೆ ಹೊಳೆದಿದ್ದಲ್ಲ ಡಾಕ್ಟ್ರೇ, ನನ್ನ ಹೆಂಡತಿಗೆ ಹೊಳೆದಿದ್ದು. ನಾನು ಕೈ ಆಡಿಸಿದೆ ಅಷ್ಟೇ." ಅವರು, "ಹಾಗಾದ್ರೆ ನಾನು ಇಷ್ಟು ದಿನ ಅವರ ಅಭಿಮಾನಿ" ಅಂದರು.

ನಿನ್ನೆ ಕ್ಲಬ್ಬಿಗೆ ರಾಜೀನಾಮೆ ಕೊಟ್ಟೆ. ಯಾರೂ 'ಯಾಕೆ' ಅನ್ನಲಿಲ್ಲ. ಇನ್ನು ಆಡುವುದಿಲ್ಲ. ಬೇಸರವೂ ಇಲ್ಲ, ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆ ಹೋಗಿ ಬರುವಂತೆ ಒಂದು ಖಾಲಿ. ವಾಪಸು ಬಾ ಅಂತ ಕರೆಯಲು ಇದನ್ನು ಬರೆದಿಲ್ಲ. ಕರೆಯುವ ಮುಖ ನನಗಿಲ್ಲ. ಮಗಳ ಹತ್ತಿರ 'ಪರವಾಗಿಲ್ಲ' ಅಂದದ್ದು ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದಕ್ಕೆ ಬರೆದೆ. ನಿನ್ನ ಸೊಂಟದ ನೋವು ಹೇಗಿದೆ? ದಿನವಿಡೀ ನಿಂತೇ ಔಷಧಿ ಕೊಡಬೇಡ, ಒಂದು ಸ್ಟೂಲು ಕೇಳು.

ಇಂತಿ,
ನಿನ್ನ ಮಗಳ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ಓದಿದೆ. ಮೆಟ್ಟಿಲ ಮೇಲಿನ ಮಾತು ಬಂದಾಗ ನನ್ನ ಮೇಲೆ ನನಗೇ ಗೌರವ ಹುಟ್ಟಿತು, ಕಣ್ಣೂ ಒದ್ದೆಯಾಯಿತು. ಆ ಮಾತು ಸುಳ್ಳು. ಡಾಕ್ಟರು ಕೇಳಿದ್ದು ನಿಜ. ನಾನು ಹೇಳಿದ್ದು ಇಷ್ಟು: "ಅಂಥವೆಲ್ಲ ತಾವಾಗೇ ಹೊಳೀತಾವೆ ಡಾಕ್ಟ್ರೇ, ಹೇಳಿಕೊಡಕ್ಕಾಗಲ್ಲ." ಆ ಪುಟ ಹರಿದು ಹೊಸದಾಗಿ ಬರೆಯಬಹುದಿತ್ತು. ಬೇಡ, ನಾನು ಎಂಥವನು ಅಂತ ನೀನು ನೋಡು. ಇಪ್ಪತ್ತೊಂಬತ್ತು ಆಟ ಸೋತು, ತಂಡವನ್ನೂ ಮುಳುಗಿಸಿ, ಕಳೆದುಕೊಳ್ಳಲು ಏನೇನೂ ಉಳಿಯದೆ ನಿಂತಿದ್ದಾಗಲೂ, ಆ ಒಂದು ನಡೆಯನ್ನು ನಿನಗೆ ಬಿಟ್ಟುಕೊಡಲು ನನ್ನ ಕೈಲಾಗಲಿಲ್ಲ.