ಕಂಬಿ ಇದೆ ಎಂದು ಸಹಿ ಮಾಡಿದವಳು

ಮಂಗಳವಾರ, ಹದಿನಾಲ್ಕನೇ ತಾರೀಖು

ತಂಗಿಯ ಹೊಟ್ಟೆಯಲ್ಲಿ ಹುಟ್ಟಿ ನನ್ನ ಮಡಿಲಲ್ಲಿ ಬೆಳೆದ ಮಗಳೇ,

ನಿನಗೆ ಆಶೀರ್ವಾದ, ಜೊತೆಗೆ ಒಂದಿಷ್ಟು ಸಿಟ್ಟು. ಎರಡನ್ನೂ ತಗೋ.

ನಿನ್ನೆ ಫೋನಿನಲ್ಲಿ, ಸಮಿತಿಯಲ್ಲಿ ನಿನ್ನ ಅವಧಿ ಮುಗಿಯೋಕೆ ಇನ್ನೆರಡೇ ತಿಂಗಳು, ಸುಮ್ಮನೆ ಇದ್ದುಬಿಡು ದೊಡ್ಡಮ್ಮಾ ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ನನಗೆ ಕಾಗದವೇ ಸಲೀಸು. ಶಾಲೆಯ ಮೆಟ್ಟಿಲು ಹತ್ತದೆ, ಬಟ್ಟೆಯ ಅಳತೆಗೆ ಕತ್ತರಿಸಿದ ಹಳೇ ಪೇಪರು ಓದಿ ಅಕ್ಷರ ಕಲಿತವಳು ನಾನು. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಅದೊಂದು ಸುಖ.

ಆಸ್ಪತ್ರೆಯ ತಪಾಸಣಾ ಸಮಿತಿಗೆ ಸಾರ್ವಜನಿಕರ ಪರವಾಗಿ ಒಬ್ಬ ಹೆಂಗಸು ಬೇಕು ಅಂದಾಗ, ನಿನ್ನ ಕಚೇರಿಯಿಂದ ನನ್ನ ಹೆಸರು ಕೊಟ್ಟವಳು ನೀನೇ. ಆದೇಶ ಬಂದ ದಿನ ಮೂರು ಸಲ ಓದಿದೆ. 'ಈ ಮೂಲಕ ನೇಮಿಸಲಾಗಿದೆ' ಅಂತಿತ್ತು. ಯಾವ ಕೆಲಸಕ್ಕೆ ಅಂತ ಇರಲಿಲ್ಲ. ಸೂಪರಿಂಟೆಂಡೆಂಟರನ್ನೇ ಕೇಳಿದೆ. ಅವರು ನಕ್ಕು, ಮೂರು ತಿಂಗಳಿಗೊಮ್ಮೆ ಬಂದು ಟೀ ಕುಡಿದು ಹೋಗಿ ಅಮ್ಮಾ, ಮಿಕ್ಕಿದ್ದು ನಾವು ನೋಡ್ಕೋತೀವಿ ಅಂದರು. ನೋಡಿಕೊಂಡರು, ಚೆನ್ನಾಗಿಯೇ!

ಹೋದ ವಾರ ಹೆಂಗಸರ ವಾರ್ಡಿನ ಬಾತ್‌ರೂಮಿನಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಿಡಿದುಕೊಳ್ಳೋಕೆ ಗೋಡೆಯಲ್ಲಿ ಕಂಬಿ ಇರಲಿಲ್ಲ. ಅವರ ಮಗಳು ಕೇಳಲು ಹೋದರೆ ಫೈಲು ಬಿಚ್ಚಿ ತೋರಿಸಿದ್ದಾರೆ. ಕಂಬಿ ಹಾಕಿ ಎಂಟು ತಿಂಗಳಾಯಿತು, ಸಮಿತಿಯವರೇ ನೋಡಿದ್ದಾರೆ, ನಿಮ್ಮ ತಾಯಿ ಹಿಡ್ಕೋಬೇಕಿತ್ತು ಅಂದಿದ್ದಾರೆ. ತಪ್ಪು ರೋಗಿಯದೇ ಅಂತ ಬರೆದು, ಸೊಂಟದ ಆಪರೇಷನ್ ಬೇರೆ ಕಡೆ ಮಾಡಿಸಿಕೊಳ್ಳಿ ಅಂತ ಕೈ ತೊಳೆದುಕೊಂಡಿದ್ದಾರೆ. ಕಂಬಿ ಇದೆ ಅನ್ನುವ ಆ ಎಂಟು ತಿಂಗಳ ಹಿಂದಿನ ವರದಿಯ ಕೆಳಗಿರುವುದು ನನ್ನ ಸಹಿ.

ಆ ಮಗಳು ನನ್ನ ಹೊಲಿಗೆ ಅಂಗಡಿಗೇ ಬಂದಳು. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ನೀವು ಆ ಕಂಬಿ ನೋಡಿದ್ರಾ ಆಂಟಿ ಅಂತ ಮಾತ್ರ ಕೇಳಿದಳು. ನಾನು ಮಿಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದೆ. ಇಲ್ಲಮ್ಮಾ, ಓದದೇ ಸಹಿ ಮಾಡಿದೆ ಅಂದೆ. ಅವಳು ಎದ್ದು ಹೋದಳು.

ಮಾರನೇ ದಿನ ಹೋಗಿ ನೋಡಿದೆ. ಈಗ ಕಂಬಿ ಇದೆ! ಸುತ್ತಲಿನ ಸಿಮೆಂಟು ಇನ್ನೂ ಹಸಿ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಅಲ್ಲಿಂದ ನೇರ ಕಚೇರಿಗೆ ಹೋಗಿ, ನನ್ನ ಸಹಿ ವಾಪಸು ಬೇಕು ಅಂದೆ. ಗುಮಾಸ್ತ ನಾಲ್ಕು ಡ್ರಾಯರು ಎಳೆದ. ನೇಮಕಕ್ಕೆ ಫಾರಂ ಇದೆ ಮೇಡಂ, ರಾಜೀನಾಮೆಗೂ ಇದೆ, ತಪ್ಪಾಯ್ತು ಅನ್ನೋಕೆ ಇಲ್ಲ ಅಂದ. ತಮಾಷೆ ಮಾಡುತ್ತಿರಲಿಲ್ಲ ಪಾಪ, ನಿಜವಾಗಿಯೂ ಹುಡುಕಿದ. ಸೂಪರಿಂಟೆಂಡೆಂಟರು ಮಾತ್ರ, ರಾಜೀನಾಮೆ ಕೊಟ್ಟುಬಿಡಿ, ನಿಮಗೂ ಮರ್ಯಾದೆ ನಮಗೂ ಮರ್ಯಾದೆ ಅಂದರು. ಟೀಚರಮ್ಮನ ಸೊಂಟಕ್ಕೆ ಏನು ಅಂತ ಕೇಳಿದರೆ ಗಡಿಯಾರ ನೋಡಿಕೊಂಡರು. ನನಗೆ ಉರಿದುಹೋಯಿತು. ರವಿಕೆಯ ತೋಳು ತಿರುವುಮುರುವಾದರೆ ನಾನು ಗಿರಾಕಿಯ ಎದುರೇ ಬಿಚ್ಚಿ ಹೊಲಿದು ಕೊಡುತ್ತೇನೆ. ಇಷ್ಟು ದೊಡ್ಡ ಕಟ್ಟಡದಲ್ಲಿ ಬಿಚ್ಚುವುದು ಒಬ್ಬರಿಗೂ ಬರುವುದಿಲ್ಲವೇ?

ಟೀಚರಮ್ಮ ಬಿದ್ದ ಬಗ್ಗೆ ಗುರುವಾರ ವಿಚಾರಣೆಗೆ ಮೇಲಿನ ಅಧಿಕಾರಿ ಬರುತ್ತಾರೆ. ಸದಸ್ಯೆಯಾಗಿಯೇ ಹೋಗಿ ಹೇಳುತ್ತೇನೆ, ಅದಕ್ಕೇ ರಾಜೀನಾಮೆ ಕೊಟ್ಟಿಲ್ಲ. ನೇಮಿಸಿದ್ದು ಯಾತಕ್ಕೆ ಅಂತ ಇಷ್ಟು ದಿನ ಅವರಿವರನ್ನು ಕೇಳಿದೆ. ಈ ಒಂದು ದಿನಕ್ಕೆ ಅಂತ ನಾನೇ ಇಟ್ಟುಕೊಂಡಿದ್ದೇನೆ.

ನಿನ್ನ ಬಡ್ತಿಯ ಕಾಗದ ಮೇಲಿನವರ ಮೇಜಿನ ಮೇಲಿದೆ, ನನ್ನ ಹೆಸರು ಕೊಟ್ಟವಳು ನೀನು ಅನ್ನುವ ಮಾತು ಬಂದರೆ ಕಷ್ಟ ಅಂದೆಯಲ್ಲ. ಕೇಳದಿದ್ದರೆ ನಾನಾಗಿ ಎತ್ತುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ ಕಂದಾ. ಎರಡನೇ ಸಲ ನನ್ನ ಕೈಲಾಗದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟಿದ್ದರೆ ಬಂದು ಬೈದು ಹೋಗು, ಫೋನಿನಲ್ಲಿ ಬೇಡ.

ನಿನ್ನ ದೊಡ್ಡಮ್ಮ
(ಗುರುವಾರದ ತನಕವಾದರೂ ತಪಾಸಣಾ ಸದಸ್ಯೆ)

ಮರೆತ ಮಾತು: ಆಸ್ಪತ್ರೆಯವರು ಮೋಸದಿಂದ ಸಹಿ ಹಾಕಿಸಿಕೊಂಡರು ಅಂತ ಗುರುವಾರ ಕೊಡುವ ಹೇಳಿಕೆಯಲ್ಲಿ ಬರೆದರೆ ನಿಮ್ಮ ಮೇಲೆ ಏನೂ ಬರೋದಿಲ್ಲ ಅಂತ ಗುಮಾಸ್ತ ಗುಟ್ಟಾಗಿ ಹೇಳಿಕೊಟ್ಟ. ಹಾಗೆ ಬರೆದಿಲ್ಲ. ಸಹಿ ಮಾಡಿದ ದಿನ ನನ್ನನ್ನು ಕರೆದೊಯ್ಯಲು ಕಾರು ಬಂದಿತ್ತು. ಡ್ರೈವರು ಇಳಿದು ಬಾಗಿಲು ತೆಗೆದ. ಮೇಜಿನ ಮೇಲೆ ನನ್ನ ಹೆಸರಿನ ಹಲಗೆ ಇಟ್ಟಿದ್ದರು. ವಾರ್ಡು ನೋಡ್ತೀರಾ ಮೇಡಂ ಅಂತ ನರ್ಸಮ್ಮ ಎರಡು ಸಲ ಕರೆದಳು. ಎದ್ದು ಹೋದರೆ ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತುಬಿಟ್ಟಾರು ಅಂತ ನಾನೇ ಹೋಗಲಿಲ್ಲ. ಹೇಳಿಕೆಯಲ್ಲಿ ಅದನ್ನೇ ಬರೆದಿದ್ದೇನೆ.