ತಾತನನ್ನು ಹಡಗು ಹತ್ತಿಸುವ ಮುನ್ನ

ರಬೌಲ್,
೧೪ ಜುಲೈ ೧೯೮೧

ಪ್ರೀತಿಯ ಅಪ್ಪಾ,

ಪಾರ್ಲಿಮೆಂಟು ನಡೆಯುತ್ತಿರುವಾಗ ಕಾಗದ ಬರೆದು ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಫೋನಿನಲ್ಲಿ ಹೇಳಿದರೆ ಎಕ್ಸ್‌ಚೇಂಜಿನವರು ಕೇಳಿಸಿಕೊಂಡಾರೆಂದು ಹೆದರಿಕೆ. ನಾಳಿನ ವಿಮಾನಕ್ಕೆ ಹೊರಟಿರುವ ಮಿಷನ್ನಿನ ಸಿಸ್ಟರ್ ಕೈಲಿ ಕೊಡುತ್ತೇನೆ. ನಿಮ್ಮ ಬಿ.ಪಿ. ಹೇಗಿದೆ? ಪೋರ್ಟ್ ಮೊರೆಸ್ಬಿಯಲ್ಲಿ ಯಾರಾದರೂ ಗಂಜಿ ಮಾಡಿಕೊಡುತ್ತಾರಾ, ಇಲ್ಲ ದಿನಾ ಡಬ್ಬಿ ಮಾಂಸವೇನಾ? ಅಮ್ಮ ತನ್ನ ತವರಿನ ಇಂಗ್ಲಿಷರ ಹಾಗೆ ಏನೂ ಆಗಿಲ್ಲವೆಂದು ಟೀ ಕುಡಿಯುತ್ತಾಳೆ, ಆದರೆ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದಾಳೆ. ನಾನು ಓದಲು ಕೂತರೆ ಅಕ್ಷರವೇ ಕಾಣುವುದಿಲ್ಲ. ಕಾಲೇಜಿನ ಮೊದಲ ವರ್ಷವೇ ನಪಾಸಾಗುತ್ತೇನೋ ಏನೋ.

ಹಾಂಗ್‌ಕಾಂಗಿನಿಂದ ದೊಡ್ಡಪ್ಪ ದೊಡ್ಡದೊಂದು ಮಣ್ಣಿನ ಜಾಡಿ ಹೊತ್ತು ಬಂದಿದ್ದಾರೆ. ತಾತನ ಗೋರಿ ತೆರೆದು, ಮೂಳೆಗಳನ್ನು ತೊಳೆದು, ಅದರಲ್ಲಿ ಕೂರಿಸಿ ಚೀನಾದ ನಮ್ಮ ಊರಿಗೆ ಒಯ್ಯುತ್ತಾರಂತೆ. "ಅಪ್ಪ ಇನ್ನೆಷ್ಟು ವರ್ಷ ಪರದೇಶದಲ್ಲಿ ಮಲಗ್ಬೇಕು?" ಅನ್ನುತ್ತಾರೆ. ಹಾಸ್ಟೆಲಿನಲ್ಲಿ ಬೆಳೆದ ನನಗೆ ಈ ರೀತಿ ರಿವಾಜು ತಿಳಿಯದು. ಆದರೆ ನಿಮ್ಮ ಚುನಾವಣೆಯ ಭಾಷಣ ಬಾಯಿಪಾಠವಿದೆ. ಹುಡುಗನಾಗಿ ತಾತನ ಕೈಹಿಡಿದು ಚೀನಾದಿಂದ ಈ ದ್ವೀಪಕ್ಕೆ ಬಂದು ಹಡಗಿಳಿದದ್ದು, ಬೇಕರಿಯ ಹಿಟ್ಟಿನ ಮೂಟೆಗಳ ಮೇಲೆ ಮಲಗಿದ್ದು, ಬಿಳಿಯರ ಕ್ಲಬ್ಬಿಗೆ ಹಿಂಬಾಗಿಲಿನಿಂದ ಬ್ರೆಡ್ಡು ಕೊಟ್ಟದ್ದು, ಆಮೇಲೆ ಅದೇ ಊರಿನ ಕೌನ್ಸಿಲ್ಲಿಗೆ ಗೆದ್ದದ್ದು, ಎಲ್ಲ ಹೇಳಿ ಕೊನೆಗೆ, "ನಮ್ಮಪ್ಪನ್ನ ನಿಮ್ಮ ಮಣ್ಣಿಗೆ ಕೊಟ್ಟಿದ್ದೀನಿ, ನಾನಿನ್ನೆಲ್ಲಿಗೆ ಹೋಗ್ಲಿ?" ಅಂದಿರಿ. ಮುದುಕಿಯರು ಅತ್ತುಬಿಟ್ಟರು. ಆ ಮಾತಿಗೇ ವೋಟು ಬಿದ್ದದ್ದು ಅಪ್ಪಾ.

ಮೊನ್ನೆಯವರೆಗೆ ಮಾರುಕಟ್ಟೆಯ ಹೆಂಗಸರು, "ಏ ಮೆಂಬರ್ ಮಗಳೇ, ತಾತಂಗೂ ಪಾಸ್‌ಪೋರ್ಟ್ ಮಾಡಿಸಿದ್ರಾ?" ಎಂದು ನಗುತ್ತಿದ್ದರು. ನಿನ್ನೆ ನಗಲೂ ಇಲ್ಲ, ನನಗೆ ಗೆಣಸೂ ಮಾರಲಿಲ್ಲ. ನಮ್ಮ ಲಾರಿ ಓಡಿಸುವ ಟೊವಾಡೆಕ್ ಕೂಡ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು, "ಮೊದ್ಲು ಸತ್ತೋರನ್ನ ಕಳಿಸ್ತಾರೆ, ಆಮೇಲೆ ದುಡ್ಡು, ಆಮೇಲೆ ಹೆಂಡ್ತಿ ಮಕ್ಳು. ನಂಗಷ್ಟೂ ಗೊತ್ತಾಗಲ್ವಾ ತಾಯಿ?" ಎಂದು ಹೊರಟುಹೋದ.

ಮಾತ್ರೆ ಮರೆಯಬೇಡಿ. ಅಮ್ಮ ನೆನಪು ತಿಳಿಸಿದ್ದಾಳೆ.

ನಿಮ್ಮ ಮಗಳು,
ಸುಕ್‌ಯೀ

ವಿ.ಸೂ.: ಮೇಲೆ ಬರೆಯಲು ಧೈರ್ಯವಾಗಲಿಲ್ಲ. ದೊಡ್ಡಪ್ಪ ಗೋರಿ ಅಗೆಸಿಯೇ ಬಿಟ್ಟರು. ಜಾಡಿ ನನ್ನ ಮಂಚದ ಕೆಳಗಿದೆ, ಶುಕ್ರವಾರ ಹಡಗು. ನಮ್ಮ ಬೇಕರಿಯ ಮುಂದೆ ಊರಿನ ಜನ ಕೂಗದೆ ಸುಮ್ಮನೆ ಕೂತಿದ್ದಾರೆ, ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬ ಇಟ್ಟುಕೊಂಡು. ತಾತನನ್ನು ಮತ್ತೆ ಅದೇ ಗೋರಿಯಲ್ಲಿ ಮಣ್ಣು ಮಾಡಿದರೆ ಆ ಜನ ಎದ್ದುಹೋಗುತ್ತಾರೆಂದು ಅಮ್ಮ ಅನ್ನುತ್ತಾಳೆ. ದೊಡ್ಡಪ್ಪ ಮಾತ್ರ, "ನಿಮ್ಮಪ್ಪನೇ ನನ್ನ ಕರೆಸಿದ್ದು, ಕೇಳು ಹೋಗು" ಅನ್ನುತ್ತಾರೆ. ಸುಳ್ಳಾದರೆ ಜಾಡಿಯನ್ನು ನಾನೇ ಹೊತ್ತು ಆ ಜನರೆದುರು ಹೋಗುತ್ತೇನೆ. ನಿಜವಾದರೆ, ನಾವೂ ಹೊರಡುವವರೇನಪ್ಪಾ? ಬೇಗ ಉತ್ತರ ಬರೆಯಿರಿ.